ಮಗಳ ಬ್ಯಾಟು, ನನ್ನ ಬಾಯಿ

“ಅಮ್ಮಾ, ಇವತ್ತು ಮ್ಯಾಚಿಗೆ ನೀನು ಬರೋದು ಬೇಡ. ಅಪ್ಪ ಬಂದ್ರೆ ಸಾಕು.”

ಶನಿವಾರ ಬೆಳಿಗ್ಗೆ ಎಂಟು ಗಂಟೆ. ದೋಸೆ ಹುಯ್ಯುತ್ತಿದ್ದ ಕೈ ಹಾಗೇ ನಿಂತಿತು. ಹೇಳಿದ್ದು ಒಂಬತ್ತು ವರ್ಷದ ಮಗಳು. ಸಾಕ್ಸನ್ನು ಮೊಣಕಾಲವರೆಗೆ ಎಳೆದುಕೊಳ್ಳುತ್ತಾ, ನನ್ನ ಮುಖ ನೋಡದೇ ಹೇಳಿದಳು.

ನಾವಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಅಂದ್ರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕೋದಕ್ಕೇ ನನಗೆ ಸಂಬಳ. ಆ ಕೆಲಸವನ್ನ ಸಂಜೆ ಮನೆಗೂ ತಂದಿದ್ದೆ ಅನ್ನೋದು ಆ ಬೆಳಿಗ್ಗೆವರೆಗೂ ನನಗೆ ಗೊತ್ತೇ ಇರಲಿಲ್ಲ.

ಹೆಸರಿಗೆ ಮಾತ್ರ ಸಾಫ್ಟು

ಮಗಳು ಆಡೋದು ಸಾಫ್ಟ್‌ಬಾಲ್. ಬೇಸ್‌ಬಾಲ್‌ನ ತಂಗಿ ಅಂದ್ಕೊಳ್ಳಿ. 1887ರಲ್ಲಿ ಶಿಕಾಗೋದಲ್ಲಿ ಬಾಕ್ಸಿಂಗ್ ಗ್ಲೌಸನ್ನು ಉಂಡೆ ಕಟ್ಟಿ, ಕೋಲಿನಲ್ಲಿ ಹೊಡೆದು ಶುರುವಾದ ಒಳಾಂಗಣದ ಆಟ ಇದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೂ ಹೋಯಿತು. ಚೆಂಡು ಈಗ ಗ್ಲೌಸಿನಷ್ಟು ಮೆತ್ತಗಿಲ್ಲ. ಹತ್ತು ವರ್ಷದೊಳಗಿನವರ ಚೆಂಡಿನ ಸುತ್ತಳತೆಯೇ 11 ಇಂಚು. ಕ್ರಿಕೆಟ್ ಚೆಂಡಿನದು ಸುಮಾರು 9.

ಪಿಚರ್ ತೋಳನ್ನು ಗಿರ್ರನೆ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ ಚೆಂಡು ಎಸೀತಾಳೆ. ಅವಳಿಗೂ ಬ್ಯಾಟ್ ಹಿಡಿದವಳಿಗೂ ನಡುವೆ ಬರೀ 35 ಅಡಿ. ಕ್ರಿಕೆಟ್ ಪಿಚ್ 66 ಅಡಿ ಇರುತ್ತೆ, ನೆನಪಿರಲಿ. ಗಂಟೆಗೆ 40 ಮೈಲಿ ವೇಗದಲ್ಲಿ ಬಂದ ಚೆಂಡು ಆ ದೂರ ದಾಟೋಕೆ 0.6 ಸೆಕೆಂಡ್ ಸಾಕು. ಅಷ್ಟರಲ್ಲೇ ನೋಡಬೇಕು, ತೀರ್ಮಾನ ಮಾಡಬೇಕು, ಹೊಡೀಬೇಕು.

ಮಗಳಿಗೆ ಹೊಡೆಯೋಕೆ ಆಗ್ತಿರಲಿಲ್ಲ. ಸೀಸನ್ ಶುರುವಲ್ಲಿ ಚೆನ್ನಾಗೇ ಆಡ್ತಿದ್ದವಳು, ಮೂರು ವಾರದಿಂದ ಬರೀ ಗಾಳಿಗೆ ಬೀಸ್ತಿದ್ದಳು.

ನಾನು ಸುಮ್ಮನಿರ್ತೀನಾ? ಶಿವಮೊಗ್ಗದ ನಮ್ಮ ಬೀದಿಯಲ್ಲಿ ಅಣ್ಣಂದಿರ ಜೊತೆ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವಳು. ದಿನಾ ಸಂಜೆ ಹಿತ್ತಲಲ್ಲಿ ಫೋನ್ ನಿಲ್ಲಿಸಿ, ಸ್ಲೋ ಮೋಷನ್‌ನಲ್ಲಿ ಅವಳ ಹೊಡೆತ ಹಿಡಿದೆ. ನೋಡಿದಷ್ಟೂ ತಪ್ಪು ಸಿಕ್ತು. ತಲೆ ಬೇಗ ತಿರುಗುತ್ತೆ. ಭುಜ ಬಿಚ್ಚಿಕೊಳ್ಳುತ್ತೆ. ಕೈ ಹಿಂದೆ ಉಳಿಯುತ್ತೆ. ಬ್ಯಾಟು ಬಾವಿಯಿಂದ ಹಗ್ಗ ಎಳೆದ ಹಾಗೆ ತಡವಾಗಿ ಬರುತ್ತೆ.

“ತಲೆ ತಿರುಗಿಸಬೇಡ. ಭುಜ ಒಳಗೆ. ಮೊಣಕೈ ಮೇಲೆ. ಚೆಂಡು ನೋಡೇ!” ದಿನಾ ಇದೇ ಸಹಸ್ರನಾಮ. ದಿನಾ ನೂರು ಹೊಡೆತ. ಕೊನೆಗೆ ಆ ಶನಿವಾರದ ಮಾತು.

ಅಜ್ಜ ಕಂಡಿದ್ದು

ಅವತ್ತು ನಾನು ಹೋಗಲಿಲ್ಲ. ಗಂಡ ಹೋದವರು ಹೋಮ್ ಪ್ಲೇಟ್ ಹಿಂದಿನ ಬಲೆಯ ಆಚೆ ನಿಂತು ವಿಡಿಯೊ ಮಾಡಿಕೊಂಡು ಬಂದರು. ಎಂದಿನಂತೆ ಅದನ್ನ ಶಿವಮೊಗ್ಗಕ್ಕೆ, ನಮ್ಮಪ್ಪನಿಗೆ ಕಳಿಸಿದೆ. ಅಪ್ಪನಿಗೆ ಸಾಫ್ಟ್‌ಬಾಲಿನ ಗಂಧಗಾಳಿ ಗೊತ್ತಿಲ್ಲ. ಕ್ರಿಕೆಟ್ ಮಾತ್ರ ಟ್ರಾನ್ಸಿಸ್ಟರ್ ಕಾಲದಿಂದ ಬಿಟ್ಟವರಲ್ಲ. ಹತ್ತು ನಿಮಿಷಕ್ಕೆ ಫೋನ್ ಬಂತು.

“ಅಲ್ಲ ಕಣೇ, ಇವಳು ಚೆಂಡಿನ ಹತ್ರ ಹೋಗೋದು ಬಿಟ್ಟು ಸ್ಕ್ವೇರ್ ಲೆಗ್ ಅಂಪೈರ್ ಹತ್ರ ಯಾಕೆ ಹೋಗ್ತಿದ್ದಾಳೆ?”

“ಏನಪ್ಪಾ?”

“ಎಡಗಾಲು ನೋಡು. ಚೆಂಡು ಬರೋ ಮೊದಲೇ ಆಚೆ ಹೋಗುತ್ತೆ. ಫಾಸ್ಟ್ ಬೌಲರ್ ಬಂದಾಗ ಬಾಲಂಗೋಚಿಗಳು ಹೀಗೇ ಮಾಡ್ತಾರೆ. ಮಗು ಹೆದರಿಕೊಂಡಿದೆ ಕಣೇ.”

ಮತ್ತೆ ವಿಡಿಯೊ ಹಾಕಿದೆ. ಹೌದು. ಪಿಚರ್ ಕಡೆ ಇಡಬೇಕಾದ ಎಡಗಾಲು ಪ್ರತಿ ಸಲವೂ ಮೂರನೇ ಬೇಸಿನ ಕಡೆ ಜಾರುತ್ತಿತ್ತು. ನಾನು ಮೂರು ವಾರ ಪಕ್ಕದಿಂದಲೇ ವಿಡಿಯೊ ಮಾಡಿದ್ದೆ. ಪಕ್ಕದಿಂದ ಕೈ, ತಲೆ, ಮೊಣಕೈ ಚೆನ್ನಾಗಿ ಕಾಣುತ್ತೆ. ಕಾಲು ಆಚೆ ಸರಿಯೋದು ಕಾಣೋದು ಹಿಂದಿನಿಂದ ಮಾತ್ರ.

ಕಾಲು ಆಚೆ ಹೋದಮೇಲೆ ಉಳಿದದ್ದೆಲ್ಲ ತಾನಾಗೇ ಕೆಡುತ್ತೆ. ಕಾಲಿನ ಜೊತೆ ಸೊಂಟ ಬೇಗ ತೆರೆದುಕೊಳ್ಳುತ್ತೆ, ಸೊಂಟದ ಹಿಂದೆ ಭುಜ, ಭುಜದ ಹಿಂದೆ ತಲೆ. ಕೈಗಳು ಒಂಟಿಯಾಗಿ ಹಿಂದೆ ಉಳೀತವೆ. ನಾನು ತಿದ್ದುತ್ತಿದ್ದದ್ದು ಬರೀ ಹೊಗೆಯನ್ನ. ಬೆಂಕಿ ಕಾಲ ಬುಡದಲ್ಲಿತ್ತು.

ಆ ವಿಡಿಯೊದ ಜೊತೆಗೆ ಹಿಂದಿನ ವಾರದ್ದೂ ಒಂದು ಫೋನಲ್ಲಿತ್ತು, ನಾನೇ ಹೋಗಿದ್ದ ಮ್ಯಾಚಿನದು. ಅದನ್ನ ಸೌಂಡ್ ಜೋರು ಮಾಡಿ ಕೇಳಿದೆ. ಮಗಳು ಮೂರು ಸಲ ಬ್ಯಾಟಿಂಗ್‌ಗೆ ಬಂದಿದ್ದಳು. ಅಷ್ಟರಲ್ಲಿ ನಾನು ಕೂಗಿದ ಸೂಚನೆಗಳು, ಎಣಿಸಿದೆ, ಹದಿನಾಲ್ಕು. ಅವಳ ಹತ್ರ ಇದ್ದದ್ದು ಒಂದು ಚೆಂಡಿಗೆ 0.6 ಸೆಕೆಂಡ್.

ನೀಲಿ ಗುರುತು

ಮೂರು ವಾರದ ಹಿಂದೆ ಏನಾಗಿತ್ತು? ಯೋಚಿಸಿದಾಗ ಹೊಳೀತು. ಒಂದು ಮ್ಯಾಚಲ್ಲಿ ಚೆಂಡು ನೇರ ಅವಳ ಪಕ್ಕೆಗೆ ಬಡಿದಿತ್ತು. ಈ ಆಟದಲ್ಲಿ ಚೆಂಡು ಮೈಗೆ ಬಿದ್ದರೆ ಫಸ್ಟ್ ಬೇಸ್ ಪುಕ್ಕಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ “ಗುಡ್ ಜಾಬ್, ಓಡು!” ಅಂತ ಕೂಗಿದ್ದೆ. ಅವಳು ಅಳಲಿಲ್ಲ, ಓಡಿದಳು. ಭಾನುವಾರ ಎಣ್ಣೆ ಹಚ್ಚಿ ಸ್ನಾನ ಮಾಡಿಸುವಾಗ ನೀಲಿ ಗುರುತು ನೋಡಿ ಮುಲಾಮು ಹಚ್ಚಿದ್ದೆ. ಗುರುತು ಹೋಯಿತು, ನಾನು ಮರೆತೆ.

ರಾತ್ರಿ ಪಕ್ಕದಲ್ಲಿ ಮಲಗಿ ಕೇಳಿದೆ: “ಪುಟ್ಟಿ, ಚೆಂಡು ಬರುವಾಗ ಭಯ ಆಗುತ್ತಾ?”

ಬಹಳ ಹೊತ್ತು ಸುಮ್ಮನಿದ್ದಳು. “ನನಗೆ ಭಯ ಇಲ್ಲಮ್ಮಾ. ನನ್ನ ಕಾಲಿಗೆ ಭಯ.”

ನಗು ಬಂತು, ಕಣ್ಣಲ್ಲಿ ನೀರೂ ಬಂತು. ಸೀಸನ್ ಮುಗಿದಮೇಲೆ ಆಟ ಬಿಡ್ತೀನಿ ಅಂತ ಫ್ರೆಂಡ್ ಹತ್ರ ಆಗಲೇ ಹೇಳಿಬಿಟ್ಟಿದ್ದಳಂತೆ. ಭಯಕ್ಕಲ್ಲ. “ನೀನು ಯಾವಾಗ್ಲೂ ಬೇಜಾರಾಗಿರ್ತೀಯ, ಅದಕ್ಕೆ.”

ಕೋಚ್ ಮೊದಲು ಕಲಿಸಿದ್ದು ಏಟು ತಿನ್ನೋದನ್ನ

ಅವಳ ಕೋಚ್ ಕಾಲೇಜಿನಲ್ಲಿ ಆಡಿದ್ದ ಹೆಣ್ಣುಮಗಳು. ಅವರಿಗೆ ಎಲ್ಲಾ ಹೇಳಿದೆ. ಬ್ಯಾಟ್ ಮುಟ್ಟಲೇ ಇಲ್ಲ. ಹೆಲ್ಮೆಟ್ ಹಾಕಿಸಿ, ಟೆನಿಸ್ ಚೆಂಡುಗಳನ್ನ ಮಗಳ ಮೈಗೇ ಮೆಲ್ಲಗೆ ಎಸೆಯೋಕೆ ಶುರು ಮಾಡಿದರು.

ಚೆಂಡು ಮೈಮೇಲೆ ಬಂದರೆ ಹಿಂದಕ್ಕೆ ಹಾರಬಾರದು. ಎದೆ ತೆರೆದು ಪಿಚರ್ ಕಡೆಗಂತೂ ತಿರುಗಲೇಬಾರದು. ಎಡಭುಜವನ್ನ ಒಳಗೆ, ಕ್ಯಾಚರ್ ಕಡೆ ತಿರುಗಿಸಿ, ಗಲ್ಲ ಕೆಳಗಿಟ್ಟು, ಬೆನ್ನು ಕೊಡಬೇಕು. ಪಕ್ಕೆಗೆ, ಮುಖಕ್ಕೆ ಬೀಳೋ ಏಟು ಬೆನ್ನಿನ ಮಾಂಸಕ್ಕೆ ಬೀಳುತ್ತೆ. ಹತ್ತು ಚೆಂಡು ಆಗೋಷ್ಟರಲ್ಲಿ ಮಗಳು ಕಿಲಕಿಲ ನಗ್ತಿದ್ದಳು. ಏನು ಮಾಡಬೇಕು ಅಂತ ಗೊತ್ತಾದಮೇಲೆ ಕಾಲಿಗೆ ಓಡಿಹೋಗೋ ಕಾರಣ ಉಳೀಲಿಲ್ಲ.

ಆಮೇಲೆ ಕಾಲು. ಮನೆಯಲ್ಲಿ ಅವಳ ಹಿಮ್ಮಡಿಗಳ ಹಿಂದೆ ದಪ್ಪ ಟವೆಲ್ ಸುರುಳಿ ಸುತ್ತಿ ಉದ್ದಕ್ಕೆ ಇಟ್ಟೆವು. ಕಾಲು ಆಚೆ ಹೋದರೆ ಟವೆಲ್ ತಾಗುತ್ತೆ, ನಾನು ಬಾಯಿ ಬಿಡಬೇಕಿಲ್ಲ. ಚೆಂಡನ್ನ ಟೀ ಅನ್ನೋ ರಬ್ಬರ್ ಕಂಬದ ಮೇಲೆ, ಪ್ಲೇಟಿನ ಹೊರ ಅಂಚಿಗೆ ಇಟ್ಟು, ಬಲಗಡೆ ಮೈದಾನಕ್ಕೆ ಹೊಡೆಯೋಕೆ ಹೇಳಿದರು. ಆಚೆ ಸರಿದವಳಿಗೆ ಆ ಚೆಂಡು ಎಟುಕೋದೇ ಇಲ್ಲ. ದಿನಕ್ಕೆ ಇಪ್ಪತ್ತೈದು ಹೊಡೆತ, ಅಷ್ಟೇ. ಸುಸ್ತಾದ ಮೈ ತಪ್ಪನ್ನೇ ಕಲಿಯುತ್ತೆ ಅಂದರು.

ಹೊಡೆತ ಹುಟ್ಟೋದು ಕೈಯಲ್ಲಲ್ಲ ಅನ್ನೋದು ನನಗೆ ಅರ್ಥವಾದದ್ದು ಆಗಲೇ. ಊರಲ್ಲಿ ಒಗೆಯೋ ಕಲ್ಲಿಗೆ ಬಟ್ಟೆ ಬಡಿಯೋದನ್ನ ನೆನಪಿಸಿಕೊಳ್ಳಿ. ಮೊದಲು ಕಾಲು ಊರುತ್ತೆ, ಸೊಂಟ ತಿರುಗುತ್ತೆ, ಆಮೇಲೆ ತೋಳು, ಕೊನೆಗೆ ಬಟ್ಟೆ. ಇಲ್ಲೂ ಅಷ್ಟೇ. ಭಾರ ಹಿಂದಿನ ಕಾಲ ಮೇಲೆ ತಗೊಂಡು, ಮುಂದಿನ ಕಾಲು ಹಗುರಾಗಿ ಪಿಚರ್ ಕಡೆ ಇಟ್ಟು, ಹಿಮ್ಮಡಿ ಊರಿದಮೇಲೆ ಸೊಂಟ ತಿರುಗಬೇಕು. ಬ್ಯಾಟು ಎಲ್ಲದಕ್ಕಿಂತ ಕೊನೆಗೆ ಬಂದು, ಎಲ್ಲದಕ್ಕಿಂತ ಜೋರಾಗಿ ಓಡಬೇಕು.

ಕಾಲು ನೆಟ್ಟಗಾದಮೇಲೆ ಭುಜ, ತಲೆ ತಾವಾಗೇ ಜಾಗಕ್ಕೆ ಬಂದವು. ಬ್ಯಾಟು ಎಳೆದ ಹಾಗೆ ಬರೋದು ಮಾತ್ರ ಉಳೀತು. ಅದಕ್ಕೆ ಎರಡು ಕಾರಣ, ಎರಡೂ ನಾನೇ!

ಒಂದು, ನನ್ನ ‘ಮೊಣಕೈ ಮೇಲೆ’. ಕ್ರಿಕೆಟ್‌ನಲ್ಲಿ ನಾವು ಮೇಲೆತ್ತೋದು ಮುಂದಿನ ಮೊಣಕೈ. ಮಗಳು ಪಾಪ ಹಿಂದಿನ ಮೊಣಕೈಯನ್ನ ರೆಕ್ಕೆ ತರಹ ಎತ್ತುತ್ತಿದ್ದಳು. ಎತ್ತಿದ ಮೊಣಕೈ ದಢಕ್ಕನೆ ಇಳಿದು ಕೈಗಿಂತ ಮುಂದೆ ಹೋಗ್ತಿತ್ತು, ಬ್ಯಾಟು ಹಿಂದೆ ತೆವಳುತ್ತಿತ್ತು. ಕೋಚ್ ಅದನ್ನ ಸಡಿಲ ಬಿಡಿಸಿದರು.

ಎರಡು, ಬ್ಯಾಟು. ‘ಹೇಗೂ ಬೆಳೀತಾಳೆ’ ಅಂತ ಸ್ಕೂಲ್ ಯೂನಿಫಾರ್ಮ್ ತಗೊಳ್ಳೋ ಹಾಗೆ ಒಂದು ಸೈಜ್ ದೊಡ್ಡದು ತಂದಿದ್ದೆ. ಕೋಚ್ ಅದನ್ನ ಒಂದೇ ಕೈಯಲ್ಲಿ, ತೋಳು ಪಕ್ಕಕ್ಕೆ ಚಾಚಿ ಹಿಡಿಯೋಕೆ ಹೇಳಿದರು. ಇಪ್ಪತ್ತು ಸೆಕೆಂಡ್ ಆಗೋ ಮೊದಲೇ ತೋಳು ನಡುಗಿ ಇಳಿದುಹೋಯಿತು. ಹಗುರದ ಬ್ಯಾಟು ಬಂದಮೇಲೆ ಒಂದೇ ವಾರಕ್ಕೆ ಕೈಗಳು ಚುರುಕಾದವು.

ನೀವೂ ಮಕ್ಕಳಿಗೆ ಆಟ ಕಲಿಸ್ತಿದ್ದೀರಾ?

ಕ್ರಿಕೆಟ್ಟೋ, ಬ್ಯಾಡ್ಮಿಂಟನ್ನೋ, ಯಾವುದೇ ಇರಲಿ, ನಾನು ಕಲಿತದ್ದು ಇಷ್ಟು.

* ವಿಡಿಯೊ ಮಾಡೋದಾದರೆ ಪಕ್ಕದಿಂದ ಒಂದು, ಹಿಂದಿನಿಂದ ಒಂದು. ಒಂದೇ ಕಡೆಯಿಂದ ನೋಡಿ ತೀರ್ಪು ಕೊಡಬೇಡಿ.
* ಕೈ ನೋಡುವ ಮೊದಲು ಕಾಲು ನೋಡಿ.
* ವಾರಕ್ಕೆ ಒಂದೇ ತಿದ್ದುಪಡಿ. ಟೆಸ್ಟಿಂಗ್‌ನಲ್ಲೂ ಒಂದೇ ಸಲ ಹತ್ತು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ.
* ಚೆನ್ನಾಗಿ ಆಡ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಟ್ಟರೆ, ಯಾವಾಗಿನಿಂದ ಅಂತ ಲೆಕ್ಕ ಹಾಕಿ. ಆ ವಾರ ಏನಾಗಿತ್ತು ಅಂತ ಮಗುವನ್ನೇ ಕೇಳಿ.
* ಮ್ಯಾಚ್ ಮುಗಿಸಿ ಕಾರಲ್ಲಿ ಬರುವಾಗ ಆಟದ ಮಾತು ಬೇಡ. ಊಟಕ್ಕೆ ಏನು ಬೇಕು ಅಂತ ಕೇಳಿದರೆ ಸಾಕು.

ಸೂರ್ಯಕಾಂತಿ ಬೀಜ

ಸೀಸನ್‌ನ ಕೊನೆಯ ಮ್ಯಾಚಿಗೆ ನನಗೆ ಅನುಮತಿ ಸಿಕ್ಕಿತು. ಷರತ್ತು ಇತ್ತು. ಈ ಆಟದ ಹುಡುಗಿಯರು ಬೆಂಚಲ್ಲಿ ಕೂತು ಉಪ್ಪು ಹಾಕಿದ ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆ ಉಗೀತಾ ಇರ್ತಾರೆ. ಅದರದೊಂದು ಪ್ಯಾಕೆಟ್ ಮಗಳು ನನ್ನ ಕೈಗಿಟ್ಟಳು. “ಇದನ್ನ ತಿಂತಾ ಇರು. ಮಾತಾಡೋ ಹಾಗಿಲ್ಲ.”

ಮೊದಲ ಸಲ ಸ್ಟ್ರೈಕ್ ಔಟ್. ಎರಡನೇ ಸಲ ನಾಲ್ಕು ಚೆಂಡು ಆಚೀಚೆ ಬಂದು ವಾಕ್. ಬಾಯಿ ತುಂಬ ಬೀಜ ತುಂಬಿಕೊಂಡು ಕೂತೆ. ನಾಲಿಗೆ ಉಪ್ಪಿಗೆ ಉರೀತಿತ್ತು.

ಮೂರನೇ ಸಲ ಎದುರಿಗಿದ್ದದ್ದು ಎತ್ತರದ, ಜೋರಾಗಿ ಎಸೆಯೋ ಹುಡುಗಿ. ಮೊದಲ ಚೆಂಡು ಮೈಗೆ ಹತ್ತಿರ ಬಂತು. ಮಗಳು ಭುಜ ಒಳಗೆ ತಿರುಗಿಸಿ ಬೆನ್ನು ಕೊಟ್ಟಳು. ತಾಗಲಿಲ್ಲ. ಮತ್ತೆ ಬಂದು ಅದೇ ಜಾಗದಲ್ಲಿ ನಿಂತಳು. ಮುಂದಿನದು ಹೊರ ಅಂಚಿಗೆ. ಎಡಗಾಲು ನೇರ ಪಿಚರ್ ಕಡೆ ಹೋಯಿತು, ಟಣ್ ಅಂತ ಸದ್ದಾಯಿತು. ಚೆಂಡು ಉರುಳುತ್ತಾ ಎರಡನೇ ಬೇಸಿನ ಹುಡುಗಿಯ ಕೈ ಸೇರಿತು. ಔಟ್.

ವಾಪಸ್ ಬಂದವಳು ಬಲೆಯ ಸಂದಿಯಿಂದ ಮುಖ ತೂರಿಸಿದಳು. “ಅಮ್ಮಾ, ಕಾಲು ನೋಡಿದ್ಯಾ?”

ಬಾಯಿ ತುಂಬಿತ್ತು. ತಲೆ ಆಡಿಸಿದೆ.

“ನೆಕ್ಸ್ಟ್ ಸೀಸನ್‌ಗೆ ಹೆಸರು ಕೊಡೋಕೆ ಕೊನೇ ದಿನ ಯಾವಾಗ?” ಅಂತ ಕೇಳಿ, ಉತ್ತರಕ್ಕೂ ಕಾಯದೆ ಓಡಿಹೋದಳು.

ರಾತ್ರಿ ಅಪ್ಪನಿಗೆ ವಿಡಿಯೊ ಕಳಿಸಿದೆ, ಹಿಂದಿನಿಂದ ತೆಗೆದದ್ದು. ಬೆಳಿಗ್ಗೆ ಎದ್ದು ನೋಡಿದರೆ ಒಂದೇ ಸಾಲಿನ ಉತ್ತರ:

“ಈಗ ಅಂಪೈರ್ ಪಾಪ ಒಬ್ಬನೇ ನಿಂತಿದ್ದಾನೆ.”