ಹಗೇವಿನ ಜೋಳ, ಡಬ್ಬಿಯ ಕಾಫಿ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಿರಿಯರಿಗೆ ಹಗೇವು ಗೊತ್ತು. ನೆಲದಲ್ಲಿ ಆಳವಾಗಿ ತೋಡಿದ ಕುಣಿ. ಸುತ್ತಲೂ ಹುಲ್ಲು ಹಾಸಿ, ಒಣಗಿದ ಜೋಳ ತುಂಬಿ, ಬಾಯಿಗೆ ಬಂಡೆ ಎಳೆದು ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗಿನ ಕಾಳು, ಹುಳು ಎಲ್ಲವೂ ಉಸಿರಾಡಿ ಆಮ್ಲಜನಕವನ್ನು ತೀರಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳು ಸಾಯುತ್ತವೆ. ತೆರೆದ ಹಗೇವಿಗೆ ಅವಸರದಲ್ಲಿ ಇಳಿದು ಜೀವ ಕಳೆದುಕೊಂಡವರೂ ಉಂಟು. ಅದಕ್ಕೇ ಮೊದಲು ಉರಿಯುವ ದೀಪ ಇಳಿಬಿಟ್ಟು ನೋಡುತ್ತಿದ್ದರು.

ಅಡುಗೆಮನೆಯ ಡಬ್ಬಿಯಲ್ಲಿರುವ ಕಾಫಿಬೀಜದ ಹಣೆಬರಹವನ್ನು ಬರೆಯುವುದೂ ಇವೇ ಎರಡು ಅನಿಲಗಳು.

ಹುರಿಯದ ಹಸಿರು ಬೀಜಕ್ಕೆ ಬಾಳಿಕೆ ಹೆಚ್ಚು. ಅದರಲ್ಲಿ ನೂರಕ್ಕೆ 10ರಿಂದ 12ರಷ್ಟು ತೇವವಿದ್ದರೆ ತಿಂಗಳುಗಟ್ಟಲೆ ಇಡಬಹುದು. ತೇವ ಹೆಚ್ಚಿದರೆ ಬೀಜದ ಗುಣವೇ ಬದಲಾಗುತ್ತದೆ. ಹಾಯಿಹಡಗುಗಳ ಕಾಲದಲ್ಲಿ ಮಲಬಾರ್ ಕರಾವಳಿಯಿಂದ ಯುರೋಪಿಗೆ ತಿಂಗಳುಗಟ್ಟಲೆ ಸಾಗುತ್ತಿದ್ದ ಬೀಜ ಕಡಲಗಾಳಿಗೆ ಉಬ್ಬಿ, ಹಳದಿಗೆ ತಿರುಗಿ, ಹುಳಿ ಕಳೆದುಕೊಳ್ಳುತ್ತಿತ್ತು. ಆ ರುಚಿ ಅಲ್ಲಿಯವರ ನಾಲಿಗೆಗೆ ಹಿಡಿಸಿತು. ಇಂದಿಗೂ ಮಂಗಳೂರಿನ ಗೋದಾಮುಗಳಲ್ಲಿ ಮುಂಗಾರಿನ ಗಾಳಿಗೆ ಬೀಜ ಹರಡಿ 'ಮಾನ್ಸೂನ್ಡ್ ಮಲಬಾರ್' ತಯಾರಿಸುತ್ತಾರೆ.

ಹುರಿದ ಮೇಲೆ ಲೆಕ್ಕವೇ ಬೇರೆ. 200 ಡಿಗ್ರಿ ದಾಟಿದ ಕಾವಿನಲ್ಲಿ ಬೀಜ ಉಬ್ಬಿ, ಒಳಗೆಲ್ಲ ಸಣ್ಣ ಸಣ್ಣ ಗೂಡುಗಳಾಗುತ್ತವೆ. ಬೆಂಕಿಯಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಆ ಗೂಡುಗಳಲ್ಲಿ ಸಿಕ್ಕಿಬೀಳುತ್ತದೆ. ಒಂದು ಕಿಲೋ ಬೀಜದಿಂದ ಹಲವು ಲೀಟರ್ ಅನಿಲ ದಿನಗಟ್ಟಲೆ ಹೊರಬರುತ್ತಲೇ ಇರುತ್ತದೆ. ಅದು ಒಳಗಿರುವಷ್ಟು ದಿನ ಬೀಜಕ್ಕೆ ಕಾವಲು. ಅದು ಹೋದ ಜಾಗಕ್ಕೆ ಆಮ್ಲಜನಕ ನುಗ್ಗಿ ಬೀಜದ ಎಣ್ಣೆಗೆ ತಾಗುತ್ತದೆ. ಅರೇಬಿಕಾ ಬೀಜದಲ್ಲಿ ಕೊಬ್ಬಿನಂಶ ನೂರಕ್ಕೆ 15ರಷ್ಟು. ಹಳೆಯ ಶೇಂಗಾ ಕಮಟಾದಂತೆ ಕಾಫಿಯೂ ಕಮಟಾಗುತ್ತದೆ.

ಇಲ್ಲಿಯೇ ಹಗೇವಿಗೂ ಕಾಫಿಗೂ ವ್ಯತ್ಯಾಸ. ಜೋಳವನ್ನು ಮುಚ್ಚಿಟ್ಟರೆ ಸಾಕು. ಕಾಫಿಯ ಅನಿಲ ಹೊರಹೋಗಬೇಕು, ಹೊರಗಿನ ಗಾಳಿ ಮಾತ್ರ ಒಳಬರಬಾರದು. ಬಿಗಿಯಾಗಿ ಮುಚ್ಚಿದ ಪೊಟ್ಟಣ ಉಬ್ಬಿ ಒಡೆಯಬಹುದು. 1960ರ ದಶಕದಲ್ಲಿ ಇಟಲಿಯ ಗೋಲಿಯೊ ಕಂಪನಿ ಇದಕ್ಕೊಂದು ಕವಾಟ ರೂಪಿಸಿತು. ಕಾಫಿ ಪೊಟ್ಟಣದ ಮೇಲೆ ಕಾಣುವ ಗುಂಡಿಯಂಥ ಬಿಲ್ಲೆ ಅದೇ. ಒಳಗೆ ಒತ್ತಡ ಏರಿದಾಗ ತೆಳುವಾದ ಪೊರೆ ಎದ್ದು ಅನಿಲ ಬಿಡುತ್ತದೆ. ಒತ್ತಡ ಇಳಿದೊಡನೆ ಅಂಟಿಕೊಂಡು ದಾರಿ ಮುಚ್ಚುತ್ತದೆ.

ಕನಕಗಿರಿ ಹತ್ತಿರದ ಹುಲಿಹೈದರದಂಥ ಬಯಲುಸೀಮೆಯ ಊರಿಗೆ ಕಾಫಿ ಬರುವುದು ಚಿಕ್ಕಮಗಳೂರು, ಕೊಡಗು, ಹಾಸನದ ತಂಪು ಬೆಟ್ಟಗಳಿಂದ. ಇಲ್ಲಿನ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಕಾವು ಏರಿದಷ್ಟೂ ಎಣ್ಣೆ ಬೇಗ ಕೆಡುತ್ತದೆ. ಆದ್ದರಿಂದ ಒಲೆಯ ಪಕ್ಕದ ಗೂಡು, ಬಿಸಿಲು ಬೀಳುವ ಕಿಟಕಿ ಕಾಫಿಗೆ ತಕ್ಕ ಜಾಗವಲ್ಲ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ, ಮನೆಯ ತಂಪಾದ ಕತ್ತಲೆ ಮೂಲೆ ಒಳ್ಳೆಯದು. ದೊಡ್ಡ ಡಬ್ಬಿಯ ತಳದಲ್ಲಿ ಒಂದು ಹಿಡಿ ಬೀಜ ಉಳಿದರೆ ಮೇಲೆಲ್ಲ ಗಾಳಿಯೇ, ಡಬ್ಬಿಯೂ ಚಿಕ್ಕದಾಗಬೇಕು.

ಫ್ರಿಜ್ಜಿನ ವಿಷಯದಲ್ಲಿ ಎಚ್ಚರ ಬೇಕು. ತಣ್ಣಗಿನ ಡಬ್ಬಿ ತೆರೆದ ಕ್ಷಣವೇ ಹೊರಗಿನ ತೇವ ಬೀಜದ ಮೇಲೆ ಹನಿಗಟ್ಟುತ್ತದೆ, ಪಕ್ಕದ ಬೆಳ್ಳುಳ್ಳಿಯ ವಾಸನೆಯೂ ಹತ್ತುತ್ತದೆ. ಫ್ರೀಜರಿನಲ್ಲಿ ಇಡಲೇಬೇಕಾದರೆ ವಾರಕ್ಕೊಂದರಂತೆ ಸಣ್ಣ ಪೊಟ್ಟಣ ಕಟ್ಟಿ, ಹೊರತೆಗೆದದ್ದು ಪೂರ್ತಿ ಬೆಚ್ಚಗಾದ ಮೇಲೆ ಬಿಚ್ಚಬೇಕು.

ಪುಡಿ ಮಾಡಿದರೆ ಕಾವಲಿನ ಅನಿಲದ ದೊಡ್ಡ ಪಾಲು ನಿಮಿಷಗಳಲ್ಲೇ ಹಾರಿಹೋಗುತ್ತದೆ. ಇಡೀ ಬೀಜ ಮೂರು ನಾಲ್ಕು ವಾರ ಹಿಡಿದಿಟ್ಟುಕೊಳ್ಳುವ ಪರಿಮಳವನ್ನು ಪುಡಿ ಕೆಲವೇ ದಿನಗಳಲ್ಲಿ ಬಿಟ್ಟುಕೊಡುತ್ತದೆ. ಚಿಕೋರಿ ಬೆರೆತಿದ್ದರೆ ಅದು ಗಾಳಿಯ ತೇವ ಹೀರಿ ಗಂಟುಕಟ್ಟುವುದೂ ಉಂಟು.

ತಾಜಾತನದ ಪರೀಕ್ಷೆ ಫಿಲ್ಟರಿನಲ್ಲೇ ಇದೆ. ಬೀಜವನ್ನು ಆಗಷ್ಟೇ ಪುಡಿ ಮಾಡಿ ಮೇಲಿನ ಪಾತ್ರೆಗೆ ಹಾಕಿ, ಕುದಿಯುವ ನೀರನ್ನು ತುಸುವೇ ಹನಿಸಬೇಕು. ಪುಡಿ ನೊರೆಗಟ್ಟಿ ಉಬ್ಬಿ ಎದ್ದರೆ ಹುರಿದವನ ಬೆಂಕಿಯ ಅನಿಲ ಇನ್ನೂ ಒಳಗಿದೆ. ಒದ್ದೆ ಮಣ್ಣಿನಂತೆ ಸುಮ್ಮನೆ ಕುಸಿದರೆ, ಅದು ಎಂದೋ ಡಬ್ಬಿಯಿಂದ ಹೊರಟುಹೋಗಿದೆ.