ಕರೆಂಟ್ ಬಂದ ಮೇಲೆ ಪ್ರಿಂಟರ್ ‘ಆಫ್‌ಲೈನ್’: ಬೋರ್ಡ್ ಸುಟ್ಟುಹೋಗಿದೆಯೇ?

ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಸೈಬರ್ ಸೆಂಟರ್‌ಗಳಲ್ಲಿ ಪಹಣಿಗೆ ಕಾಯುವಾಗ ಕರೆಂಟ್ ಹೋಗಿ ಬಂದರೆ ‘ಬೋರ್ಡ್ ಹೋಯ್ತು’ ಎಂಬ ಮಾತು ಕೇಳಿಬರುತ್ತದೆ. ಪ್ರಿಂಟರ್‌ನ ದೀಪ ಉರಿಯುತ್ತಿದ್ದು ಪ್ರಿಂಟ್ ಮಾತ್ರ ಬರದಿದ್ದರೆ ಅಷ್ಟು ಬೇಗ ಹಾಗೆನ್ನಬೇಡಿ ಎನ್ನುತ್ತೇವೆ ನಾವು.

ನಿಜ ಏನು?

ನೆಟ್‌ವರ್ಕ್ ಪ್ರಿಂಟರ್‌ಗೆ ಮನೆ ನಂಬರಿನಂತೆ ಒಂದು ಐಪಿ ವಿಳಾಸ ಬೇಕು. ಸಾಮಾನ್ಯವಾಗಿ ಅದನ್ನು ಕೊಡುವುದು ರೂಟರ್. ಕರೆಂಟ್ ಬಂದಾಗ ಎರಡೂ ಒಟ್ಟಿಗೇ ಆನ್ ಆಗುತ್ತವೆ. ರೂಟರ್ ಸಿದ್ಧವಾಗುವ ಮೊದಲೇ ಪ್ರಿಂಟರ್ ವಿಳಾಸ ಕೇಳಿದರೆ ಉತ್ತರ ಸಿಗದು. ಆಗ ಅದು 169.254 ಎಂದು ಶುರುವಾಗುವ ವಿಳಾಸವನ್ನು ತಾನೇ ಹಾಕಿಕೊಳ್ಳಬಹುದು. ಕೆಲವೊಮ್ಮೆ ರೂಟರೇ ಹೊಸ ವಿಳಾಸ ಕೊಡುತ್ತದೆ. ಕಂಪ್ಯೂಟರ್ ಮಾತ್ರ ಹಳೆಯ ವಿಳಾಸಕ್ಕೇ ಕಳಿಸುತ್ತಿರುತ್ತದೆ.

ಏನು ಮಾಡಬೇಕು?

1. ಪ್ರಿಂಟರ್ ಆಫ್ ಮಾಡಿ. ರೂಟರ್ ಆನ್ ಆಗಿ ಎರಡು–ಮೂರು ನಿಮಿಷವಾದ ಮೇಲೆ ಪ್ರಿಂಟರ್ ಆನ್ ಮಾಡಿ.

2. ಪ್ರಿಂಟರ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿರುವ ವಿಳಾಸವೂ ಕಂಪ್ಯೂಟರ್‌ನ ಪ್ರಿಂಟರ್ ಪೋರ್ಟ್‌ನಲ್ಲಿರುವ ವಿಳಾಸವೂ ಒಂದೇ ಇದೆಯೇ ನೋಡಿ. ಬೇರೆ ಇದ್ದರೆ ಪೋರ್ಟ್‌ನಲ್ಲಿ ಬದಲಿಸಿ.

3. ಪದೇ ಪದೇ ಹೀಗಾದರೆ ರೂಟರ್ ಸೆಟ್ಟಿಂಗ್‌ನಲ್ಲಿ ಪ್ರಿಂಟರ್‌ಗೆ ಒಂದು ವಿಳಾಸವನ್ನು ಕಾಯ್ದಿರಿಸಿ.

ದೀಪವೇ ಹೊತ್ತದಿದ್ದರೆ, ಸುಟ್ಟ ವಾಸನೆ ಬಂದರೆ ಮಾತ್ರ ಪ್ಲಗ್ ತೆಗೆದು ರಿಪೇರಿಗೆ ಕೊಡಿ.

ಎಚ್ಚರ!

ಫಾರ್ವರ್ಡ್‌ನಲ್ಲೋ ಹುಡುಕಾಟದಲ್ಲೋ ಸಿಕ್ಕ ‘ಕಸ್ಟಮರ್ ಕೇರ್’ ನಂಬರ್ ನಂಬಬೇಡಿ; ಕಂಪನಿಯ ಅಧಿಕೃತ ವೆಬ್‌ಸೈಟ್‌ನಲ್ಲೇ ನೋಡಿ. ಕರೆ ಮಾಡಿದವರು ಯಾವುದೋ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ ಎಂದರೆ ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.