ಹಿರಿಯರ ನಂತರ ತೋಟದ ಯಜಮಾನಿಕೆ ಯಾರಿಗೆ?



ಕೂಳೂರಿನಲ್ಲಿ ಫಲ್ಗುಣಿ ನದಿಯನ್ನು ದಾಟುವಾಗ ತಾವು ಒಂದು ಸಂಗತಿಯನ್ನು ಗಮನಿಸಿರಬಹುದು. ಹೆದ್ದಾರಿಯ ಹಳೆಯ ಸೇತುವೆಯ ಮೇಲೆ ವಾಹನಗಳು ಓಡಾಡುತ್ತಿರುವಾಗಲೇ ಅದರ ಮಗ್ಗುಲಲ್ಲಿ ಇನ್ನೊಂದು ಸೇತುವೆ ಎದ್ದಿತು. ಹಳೆಯದು ಕುಸಿದ ಮೇಲೆ ಹೊಸದನ್ನು ಕಟ್ಟೋಣ ಎಂದು ಯಾರೂ ಕಾದು ಕುಳಿತುಕೊಳ್ಳಲಿಲ್ಲ. ಆದರೆ ನಮ್ಮ ತೋಟಗಳ ವಿಷಯದಲ್ಲಿ ನಾವು ಮಾಡುತ್ತಿರುವುದು ಹೆಚ್ಚು ಕಡಿಮೆ ಅದನ್ನೇ. ಯಜಮಾನರು ಇರುವ ತನಕ ಎಲ್ಲವೂ ಅವರದೇ. ಅವರು ಕಣ್ಣು ಮುಚ್ಚಿದ ಮೇಲೆ ಪೆಟ್ಟಿಗೆ ತೆರೆದು ಕಾಗದ ಪತ್ರ ಹುಡುಕುವ ಕೆಲಸ ಶುರುವಾಗುತ್ತದೆ.

ಅಡಿಕೆ ಸಸಿ ನೆಟ್ಟವನು ಫಸಲು ಕಾಣಲು ಐದಾರು ವರ್ಷ ಕಾಯಬೇಕು. ಚೆನ್ನಾಗಿ ನೋಡಿಕೊಂಡ ಮರ ಐವತ್ತು ಅರುವತ್ತು ವರ್ಷ ನಿಲ್ಲುತ್ತದೆ. ರೊಬಸ್ಟಾ ಗಿಡದ ಬಾಳಿಕೆಯೂ ಕಡಿಮೆಯದಲ್ಲ. ಆದುದರಿಂದ ತೋಟ ಮಾಡುವವನು ಅರ್ಧ ತನಗಾಗಿ, ಅರ್ಧ ಮುಂದಿನ ತಲೆಗಾಗಿ ನೆಡುತ್ತಾನೆ. ಆ ಮುಂದಿನ ತಲೆ ಯಾವುದು, ಅದು ಸಿದ್ಧವಾಗಿದೆಯೇ ಎಂಬ ವಿಚಾರವನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

ಹಿಂದಿನ ಏರ್ಪಾಡು

ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ಈ ಪ್ರಶ್ನೆಗೆ ಉತ್ತರ ಮೊದಲೇ ನಿಶ್ಚಿತವಾಗಿತ್ತು. ಕುಟುಂಬದ ಹಿರಿಯ ವ್ಯಕ್ತಿ, ಗಂಡಾದರೆ ಯಜಮಾನ, ಹೆಣ್ಣಾದರೆ ಯಜಮಾನ್ತಿ. ಆಸ್ತಿ ಮಾತ್ರ ಅವರದಲ್ಲ, ಇಡೀ ಕುಟುಂಬದ್ದು, ಅವರದು ಆಡಳಿತ. ಪಾಲು ಕೊಡಿ ಎಂದು ಒಬ್ಬ ಸದಸ್ಯ ಒತ್ತಾಯಿಸುವಂತಿರಲಿಲ್ಲ. ೧೯೪೯ರ ಮದ್ರಾಸು ಅಳಿಯಸಂತಾನ ಕಾಯಿದೆಯಿಂದ ಕವರುಗಳಿಗೆ ಪಾಲು ಕೇಳುವ ಹಕ್ಕು ಬಂತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಉಳಿದ ವ್ಯವಸ್ಥೆಯನ್ನೂ ಬದಲಿಸಿತು. ಆ ಪದ್ಧತಿಯಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಆದರೆ ಆಡಳಿತ ಬೇರೆ, ಹಕ್ಕು ಬೇರೆ ಎಂಬ ತಿಳುವಳಿಕೆ ಅದರಲ್ಲಿತ್ತು. ಇಂದು ನಾವು ಮರೆತಿರುವುದು ಅದನ್ನೇ.

ಡಿಕ್ಲರೇಶನ್ ಜಾಗದ ತೊಡಕು

೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ನಮ್ಮ ಜಿಲ್ಲೆಯಲ್ಲಿ ಸಾವಿರಾರು ಗೇಣಿದಾರರು ಭೂಮಿಯ ಒಡೆಯರಾದರು. ಅಂದು ಏಳನೇ ನಮೂನೆಯ ಅರ್ಜಿಯನ್ನು ಸಾಮಾನ್ಯವಾಗಿ ಮನೆಯ ಹಿರಿಯ ಒಬ್ಬರೇ ಸಲ್ಲಿಸಿದರು. ಭೂನ್ಯಾಯ ಮಂಡಳಿಯ ತೀರ್ಪೂ ಅವರ ಹೆಸರಿಗೇ ಬಂತು. ಗೇಣಿ ಮಾತ್ರ ಹಲವು ಮನೆಗಳಲ್ಲಿ ಅಣ್ಣ ತಮ್ಮಂದಿರು ಕೂಡಿ ಮಾಡುತ್ತಿದ್ದುದು. ಗೇಣಿ ಕೂಡುಕುಟುಂಬದ್ದಾಗಿತ್ತೆಂದು ರುಜುವಾದರೆ, ಒಬ್ಬರ ಹೆಸರಿಗೆ ಬಂದ ಹಕ್ಕು ಕುಟುಂಬಕ್ಕೆಲ್ಲ ಸಲ್ಲುತ್ತದೆ ಎಂದು ನ್ಯಾಯಾಲಯಗಳು ಹೇಳಿವೆ. ಅಂದಿನ ಸಾಕ್ಷಿದಾರರು ಈಗ ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ. ಇಂತಹ ಜಾಗವಿರುವ ಸದಸ್ಯರು ಹಿರಿಯರು ಇರುವಾಗಲೇ ಮಾತನಾಡಿ ಬರಹಕ್ಕೆ ಇಳಿಸಿಕೊಳ್ಳುವುದು ಒಳಿತು. ಮೊಮ್ಮಕ್ಕಳ ಕಾಲಕ್ಕೆ ಇದು ದಾವೆಯಾಗಿಯೇ ಉಳಿಯುತ್ತದೆ.

ದೊಡ್ಡ ವ್ಯವಹಾರಗಳಿಂದ ಪಾಠ

ಮಂಗಳೂರಿನ ಐಡಿಯಲ್ ಐಸ್‌ಕ್ರೀಮನ್ನು ಅರಿಯದವರು ಕಡಿಮೆ. ಪ್ರಭಾಕರ ಕಾಮತರು ೧೯೭೫ರಲ್ಲಿ ಇದನ್ನು ಆರಂಭಿಸಿದರು. ೨೦೨೧ರಲ್ಲಿ ಅವರು ತೀರಿಕೊಂಡಾಗ ಅಂಗಡಿಗಳು ಮುಚ್ಚಲಿಲ್ಲ, ಹೆಸರೂ ಕೆಡಲಿಲ್ಲ. ಮಗ ಮುಕುಂದ ಕಾಮತರು ತಂದೆ ಇರುವಾಗಲೇ ವ್ಯವಹಾರದಲ್ಲಿ ತೊಡಗಿಕೊಂಡಿದ್ದರು. ಕೈಬದಲು ಒಂದು ದಿನದಲ್ಲಿ ಆದುದಲ್ಲ.

ಕಾಫಿ ಬೆಳೆಗಾರರಿಗೆ ಹತ್ತಿರದ ಇನ್ನೊಂದು ಉದಾಹರಣೆಯಿದೆ. ಚಿಕ್ಕಮಗಳೂರಿನ ಕಾಫಿ ಬೆಳೆಗಾರ ಮನೆತನದ ವಿ. ಜಿ. ಸಿದ್ಧಾರ್ಥ ಅವರು ೧೯೯೬ರಲ್ಲಿ ಬೆಂಗಳೂರಿನಲ್ಲಿ ಮೊದಲ ಕಾಫಿ ಡೇ ಅಂಗಡಿ ತೆರೆದರು. ೨೦೧೯ರ ಜುಲೈಯಲ್ಲಿ ಅವರು ನಿಧನ ಹೊಂದಿದಾಗ ಕಂಪೆನಿಗಳ ಮೇಲೆ ಏಳು ಸಾವಿರ ಕೋಟಿ ರೂಪಾಯಿಯ ಆಸುಪಾಸಿನ ಸಾಲವಿತ್ತು. ಕೆಲಕಾಲ ನಿವೃತ್ತ ಮುಖ್ಯ ಕಾರ್ಯದರ್ಶಿ ಎಸ್. ವಿ. ರಂಗನಾಥ್ ಅವರು ಹಂಗಾಮಿ ಅಧ್ಯಕ್ಷರಾಗಿದ್ದರು. ೨೦೨೦ರ ಡಿಸೆಂಬರಿನಲ್ಲಿ ಪತ್ನಿ ಮಾಳವಿಕಾ ಹೆಗ್ಡೆ ಅವರು ಮುಖ್ಯ ಕಾರ್ಯನಿರ್ವಾಹಕರ ಹೊಣೆ ಹೊತ್ತರು. ಬೆಂಗಳೂರಿನ ದೊಡ್ಡ ಆಸ್ತಿಯನ್ನು ಮಾರಿ, ೨೦೨೧ರ ಮಾರ್ಚ್ ವೇಳೆಗೆ ಸಾಲ ಎರಡು ಸಾವಿರ ಕೋಟಿಗಿಂತ ಕೆಳಗಿಳಿಯಿತು. ನಮ್ಮ ಲೆಕ್ಕ ಕೋಟಿಯದಲ್ಲ, ಬೆಳೆಸಾಲದ್ದು. ಆದರೂ ಪಾಠ ಒಂದೇ: ಆಸ್ತಿ ಬಿಟ್ಟು ಹೋಗುವವನು ಸಾಲವನ್ನೂ ಬಿಟ್ಟು ಹೋಗುತ್ತಾನೆ, ಎರಡರ ಲೆಕ್ಕವೂ ಮನೆಯವರಿಗೆ ಮೊದಲೇ ತಿಳಿದಿರಬೇಕು. ಹೊಣೆ ಹೊರುವವರು ಮಗನೇ ಆಗಬೇಕೆಂದಿಲ್ಲ. ಮಡದಿ, ಮಗಳು, ಸೊಸೆ ಯಾರೂ ಆಗಬಹುದು.

ನಮ್ಮ ಕ್ಯಾಂಪ್ಕೊವನ್ನೇ ನೋಡಿ. ೧೯೭೩ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಕಟ್ಟಿದ ಸಂಸ್ಥೆ ಅದು. ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯೂ ಬಂತು. ಸ್ಥಾಪಕರ ನಂತರವೂ ಸಂಸ್ಥೆ ನಿಂತಿದೆ. ಅಲ್ಲಿ ಲೆಕ್ಕಪತ್ರ, ನಿಯಮ, ಚುನಾವಣೆ ಇವೆ. ಎಲ್ಲವೂ ಒಬ್ಬರ ತಲೆಯಲ್ಲಿ ಇಲ್ಲ.

ಕಾನೂನು ಹೇಳುವುದೇನು

ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲನ್ನು ಇನ್ನು ಯಾರೂ ಅಲ್ಲಗಳೆಯುವಂತಿಲ್ಲ. ಕರ್ನಾಟಕದಲ್ಲಿ ೧೯೯೪ರ ಜುಲೈ ೩೦ರಿಂದಲೇ, ಅದಕ್ಕೆ ಮೊದಲು ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ಬಂದಿತ್ತು. ೨೦೦೫ರ ಸೆಪ್ಟೆಂಬರ್ ೯ರ ಕೇಂದ್ರ ತಿದ್ದುಪಡಿ ಮದುವೆಯ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕಿಲ್ಲವೆಂದು ೨೦೨೦ರ ಆಗಸ್ಟ್ ೧೧ರಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲೇ ನೋಂದಣಿಯಾದ ವಿಭಾಗ ಪತ್ರಗಳಿಗೆ ಮಾತ್ರ ಬಾಧೆಯಿಲ್ಲ. ಕ್ರೈಸ್ತ ಸದಸ್ಯರಿಗೆ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯೂ, ಮುಸ್ಲಿಂ ಸದಸ್ಯರಿಗೆ ಅವರ ಧರ್ಮಶಾಸ್ತ್ರದ ಕಾನೂನೂ ಅನ್ವಯಿಸುತ್ತವೆ.

ವೀಲುನಾಮೆಯನ್ನು ನೋಂದಣಿ ಮಾಡಲೇಬೇಕೆಂದಿಲ್ಲ. ಮಾಡಿಸಿದರೆ ಮುಂದೆ ಅನುಕೂಲ. ಇಬ್ಬರು ಸಾಕ್ಷಿಗಳು ಅಗತ್ಯ. ಆಸ್ತಿಯಲ್ಲಿ ಪಾಲು ಪಡೆಯುವವರನ್ನು ಸಾಕ್ಷಿಗೆ ಹಾಕದಿರುವುದು ಲೇಸು. ಒಬ್ಬನು ಬರೆಯಬಹುದಾದದ್ದು ತನ್ನ ಹಕ್ಕಿನ ಭಾಗವನ್ನು ಮಾತ್ರ ಎಂಬುದನ್ನು ಮರೆಯಬಾರದು. ಸಂಘದಲ್ಲಿಯೂ ಬೇಂಕಿನಲ್ಲಿಯೂ ಮಾಡುವ ನಾಮನಿರ್ದೇಶನವು ಹಣವನ್ನು ಯಾರ ಕೈಗೆ ಕೊಡಬೇಕೆಂದು ತಿಳಿಸುತ್ತದೆಯೇ ಹೊರತು ಉಳಿದ ವಾರಸುದಾರರ ಹಕ್ಕನ್ನು ಕಳೆಯುವುದಿಲ್ಲ. ಹಿರಿಯರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷಗಳೊಂದಿಗೆ ಪೌತಿ ಖಾತೆಗೆ ತಡಮಾಡದೆ ಅರ್ಜಿ ಕೊಡಿರಿ. ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ ಮೊಮ್ಮಗನಿಗೆ ಸಾಲಕ್ಕೂ ಒದಗದು, ಪರಿಹಾರಕ್ಕೂ ಒದಗದು.

ಹಂಚುವುದೋ, ಕೂಡಿ ನಡೆಸುವುದೋ?

ನಾಲ್ಕು ಎಕ್ರೆ ಅಡಿಕೆ ತೋಟ, ನಾಲ್ಕು ಮಕ್ಕಳು ಎಂದಿಟ್ಟುಕೊಳ್ಳಿ. ಒಬ್ಬ ಊರಲ್ಲಿ, ಇಬ್ಬರು ಬೆಂಗಳೂರಲ್ಲಿ, ಒಬ್ಬಳು ಗಂಡನ ಮನೆಯಲ್ಲಿ. ಎಕ್ರೆಗೊಂದರಂತೆ ಗಡಿ ಹಾಕಬಹುದು. ಆದರೆ ಕೆರೆ ಒಂದೇ, ಪಂಪು ಒಂದೇ, ಅಂಗಳ ಒಂದೇ, ದಾರಿ ಒಂದೇ. ಮಳೆಗಾಲಕ್ಕೆ ಮುಂಚೆ ಒಬ್ಬ ಮದ್ದು ಬಿಟ್ಟು ಇನ್ನೊಬ್ಬ ಬಿಡದಿದ್ದರೆ ಕೊಳೆರೋಗಕ್ಕೆ ಗಡಿ ಗೊತ್ತಾಗುವುದಿಲ್ಲ. ಹಾಗೆಂದು ಊರಲ್ಲಿರುವವನೇ ಎಲ್ಲವನ್ನೂ ಇಟ್ಟುಕೊಂಡರೆ ಉಳಿದವರಿಗೆ ಅನ್ಯಾಯ.

ಇದಕ್ಕೆ ಮಧ್ಯದ ದಾರಿಯಿದೆ. ಹಕ್ಕು ನಾಲ್ವರದೂ ಜಂಟಿಯಾಗಿರಲಿ, ಆಡಳಿತ ಒಬ್ಬರದಿರಲಿ. ದುಡಿಯುವವನಿಗೆ ಮೊದಲು ದುಡಿಮೆಯ ಸಂಬಳ, ಆಮೇಲೆ ತೋಟದ ಖರ್ಚು, ಬಳಿಕ ಮರುನಾಟಿಗೆ ಒಂದಿಷ್ಟು, ಉಳಿದುದರಲ್ಲಿ ಪಾಲು. ಒಪ್ಪಂದವನ್ನು ಬರೆದು ಎಲ್ಲರೂ ರುಜು ಹಾಕಲಿ. ವರ್ಷಕ್ಕೊಮ್ಮೆ ಲೆಕ್ಕ ಓದಲಿ. ಹಾಗಲ್ಲದೆ ಪಾಲು ಮಾಡುವುದೇ ಸರಿಯೆಂದು ಕಂಡರೆ ೧೧ಇ ನಕ್ಷೆ ಮಾಡಿಸಿ, ನೀರಿನ ಮತ್ತು ದಾರಿಯ ಹಕ್ಕನ್ನು ವಿಭಾಗ ಪತ್ರದಲ್ಲೇ ನಮೂದಿಸಿ ನೋಂದಣಿ ಮಾಡಿಸಿರಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಒಂದು ಮಾರು ದಾರಿಗಾಗಿ ಅಣ್ಣ ತಮ್ಮಂದಿರು ಮಾತು ಬಿಟ್ಟ ಮನೆಗಳು ನಮ್ಮೆಲ್ಲರ ಕಣ್ಣ ಮುಂದಿವೆ.

ಕೈಬದಲಿನ ಕ್ರಮ

ಮೊದಲ ವರ್ಷ ತೋಟದ ಒಂದು ಭಾಗವನ್ನು ಕಿರಿಯರಿಗೆ ಪೂರ್ತಿ ಬಿಡಿ. ಗೊಬ್ಬರ, ಆಳು, ಮದ್ದು, ಕೊಯ್ಲು ಎಲ್ಲ ಅವರ ನಿರ್ಧಾರ. ತಪ್ಪಾದರೆ ಆಗಲಿ; ಒಂದು ಮೂಲೆಯ ತಪ್ಪು ತೋಟವನ್ನು ಕೆಡಿಸದು. ಎರಡನೇ ವರ್ಷ ಮಾರಾಟ. ಹಿರಿಯರಲ್ಲಿ ಅನೇಕರು ಕಾಫಿ ಮಂಡಳಿಯ ಪೂಲಿಗೆ ಕಾಫಿ ಕೊಟ್ಟು ರೂಢಿಯಾದವರು. ೧೯೯೦ರ ದಶಕದಲ್ಲಿ ಅದು ಕೊನೆಗೊಂಡ ಮೇಲೆ ಧಾರಣೆ ನೋಡಿ ಮಾರುವ ಹೊಣೆ ನಮ್ಮದೇ ಆಗಿದೆ. ಇದನ್ನು ಕಲಿಯಲು ಕಿರಿಯರಿಗೆ ಕಾಲ ಬೇಕು. ಮೂರನೇ ವರ್ಷ ಬೇಂಕಿನ ಪುಸ್ತಕ, ಸಾಲ, ಸಂಘದ ಮಹಾಸಭೆ. ನಾಲ್ಕನೆಯದು, ಬಹಳ ಕಷ್ಟದ್ದು: ಹಿರಿಯರು ಸುಮ್ಮನಿರುವುದನ್ನು ಕಲಿಯುವುದು. ಕೇಳಿದಾಗ ಸಲಹೆ, ಕೇಳದಾಗ ಮೌನ.

ಇದರ ಜತೆಗೆ ಒಂದು ದಪ್ಪ ಪುಸ್ತಕದಲ್ಲಿ ಬರೆದಿಡಿ: ಯಾವ ಸರ್ವೆ ನಂಬ್ರದ ಕಾಗದ ಎಲ್ಲಿದೆ, ಎಷ್ಟು ಸಾಲವಿದೆ, ಯಾರಿಗೆ ಕೊಡಬೇಕು, ಯಾರಿಂದ ಬರಬೇಕು, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಮರದ ಬೀಜ ಸಸಿಗೆ ಒಳ್ಳೆಯದು. ಈ ಪುಸ್ತಕವೂ ಆಸ್ತಿಯೇ.

ಬರುವ ಕೊಯ್ಲಿನ ಸಮಯಕ್ಕೆ ಮಕ್ಕಳು ಊರಿಗೆ ಬಂದಾಗ, ಊಟವಾದ ಮೇಲೆ ಚಾವಡಿಯಲ್ಲಿ ಒಂದು ಗಂಟೆ ಎಲ್ಲರೂ ಕುಳಿತು ಈ ಮಾತನ್ನು ಎತ್ತಿರಿ. ಹೆಣ್ಣುಮಕ್ಕಳನ್ನೂ ಕರೆಯಿರಿ. ಮೊದಲ ಸಲ ನಿರ್ಧಾರವಾಗದಿದ್ದರೂ ಚಿಂತೆಯಿಲ್ಲ. ಹಳೆಯ ಸೇತುವೆ ಗಟ್ಟಿಯಾಗಿರುವಾಗಲೇ ಹೊಸದರ ಕಂಬ ಇಳಿದರೆ ಸಾಕು.